ಪೇಪರು ಸುತ್ತಿದ ಬಾಟಲಿ

ನಮ್ಮ ಫ್ಲ್ಯಾಟಿನ ಕೆಳಗಿದ್ದ ಅಂಗಡಿಯ ಗಾಜಿನ ಮೇಲೆ ಒಂದು ಬೆಳಿಗ್ಗೆ ಇಲ್ಲಿಯ ನಗರಸಭೆಯಾದ ಕೌನ್ಸಿಲಿನ ತಿಳಿನೀಲಿ ನೋಟೀಸು ಕಾಣಿಸಿಕೊಂಡಿತು. ಎರಡು ಸಾವಿರದ ದಶಕದ ನಡುವಿನ ಮಾತು. ಹೊಸ ಕಾನೂನು ಬಂದು, ಯಾವ ಅಂಗಡಿ ಮದ್ಯ ಮಾರಬಹುದು ಎಂದು ತೀರ್ಮಾನಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಂದ ಕೌನ್ಸಿಲಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಾನು ಹಾಲು ತರಲು ಇಳಿದವಳು ನಿಂತು ಪೂರ್ತಿ ಓದಿದೆ. ನೆರೆಯವರೊಬ್ಬರ ದೂರಿನ ಮೇಲೆ ಈ ಅಂಗಡಿಯ ಲೈಸೆನ್ಸನ್ನು ಮರುಪರಿಶೀಲಿಸಲಾಗುವುದು ಎಂದಿತ್ತು. ಅಂದರೆ ಉಳಿಸಬಹುದು, ಕಿತ್ತುಕೊಳ್ಳಲೂಬಹುದು.

ಅಂಗಡಿ ಇದ್ದದ್ದು ಇಂಗ್ಲಿಷರ ರಾಜಧಾನಿಯ ಟೂಟಿಂಗ್ ಬಡಾವಣೆಯಲ್ಲಿ, ದೊಡ್ಡ ರಸ್ತೆ ಬಿಟ್ಟು ಒಳಗಿನ ತಿರುವಿನಲ್ಲಿ. ನಡೆಸುತ್ತಿದ್ದವರು ಉಡುಪಿ ಕಡೆಯ ಕ್ಯಾಥೊಲಿಕ್ ಗಂಡ ಹೆಂಡತಿ. ತಮ್ಮೊಳಗೆ ಕೊಂಕಣಿ, ನಮ್ಮೊಡನೆ ಕರಾವಳಿಯ ಕನ್ನಡ. ಭಾನುವಾರ ಚರ್ಚಿನಿಂದ ಬಂದ ಮೇಲೆಯೇ ಶಟರ್ ಎತ್ತುತ್ತಿದ್ದರು. ತಮ್ಮವರಿಗೆ ಕುಚ್ಚಲಕ್ಕಿ, ಧಾರವಾಡದವರಾದ ನಮಗೆ ಜೋಳದ ಹಿಟ್ಟು, ಬೀದಿಗೆಲ್ಲ ಬ್ರೆಡ್ಡು ಹಾಲು. ಕೌಂಟರಿನ ಹಿಂದಿನ ಕಪಾಟಿನಲ್ಲಿ ಬಾಟಲಿಗಳು. ದೊಡ್ಡ ರಸ್ತೆಯಲ್ಲಿ ಸೂಪರ್‌ಮಾರ್ಕೆಟ್ ತೆರೆದ ಮೇಲೆ ಅಂಗಡಿಯ ಬಾಡಿಗೆ ಹುಟ್ಟುತ್ತಿದ್ದದ್ದು ಆ ಕಪಾಟಿನಿಂದಲೇ.

ಅವರದೊಂದು ಪದ್ಧತಿ ಇತ್ತು. ಯಾರು ಬಾಟಲಿ ಕೊಂಡರೂ ಹಳೆಯ ಪೇಪರಿನಲ್ಲಿ ಸುತ್ತಿ, ತುದಿಯನ್ನು ತಿರುಚಿ ಕೊಡುತ್ತಿದ್ದರು. ಊರಿನಲ್ಲಿ ಬಾಟಲಿಯನ್ನು ಹಾಗೇ ಕೈಯಲ್ಲಿ ಹಿಡಿದು ಯಾರೂ ರಸ್ತೆಗೆ ಇಳಿಯುವುದಿಲ್ಲ. ಕೊಳ್ಳುವವನು ಕೇಳುವುದೂ ಬೇಡ, ಕೊಡುವವನೇ ಸುತ್ತುತ್ತಾನೆ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರ ಕಣ್ಣಿಗೂ ಚುಚ್ಚದ ಹಾಗೆ ಒಯ್ಯುವ ಒಂದು ಮರ್ಯಾದೆ ಅದು. ಬಸ್ಸಿನ ಇಂಗ್ಲಿಷ್ ಡ್ರೈವರೊಬ್ಬ ಮಾತ್ರ ಬಾಗಿಲಲ್ಲೇ ಪೇಪರು ಬಿಚ್ಚಿ ಕಸದ ಡಬ್ಬಕ್ಕೆ ಹಾಕಿ ಹೋಗುತ್ತಿದ್ದ. ಅವನಿಗೂ ಬಿಡದೆ ಸುತ್ತಿಯೇ ಕೊಡುತ್ತಿದ್ದರು.

ಸುತ್ತುವ ಪೇಪರಿನಲ್ಲಿ ನಮ್ಮ ಮನೆಯದೂ ಇರುತ್ತಿತ್ತು. ಊರಿನಿಂದ ಬಂದವರು ಹಪ್ಪಳ, ಚಟ್ನಿಪುಡಿಯ ಪೊಟ್ಟಣಗಳನ್ನು ಕನ್ನಡ ಪೇಪರಿನಲ್ಲಿ ಕಟ್ಟಿಕೊಂಡು ತರುತ್ತಿದ್ದರು. ನಮ್ಮ ಅತ್ತೆ ಆ ಪೇಪರುಗಳನ್ನು ಬಿಡಿಸಿ, ಕೈಯಿಂದ ಒತ್ತಿ ನೆಟ್ಟಗೆ ಮಾಡಿ, ಹಳೆಯ ಸುದ್ದಿಯನ್ನೆಲ್ಲ ಓದಿ ಮುಗಿಸಿ ಅಂಗಡಿಗೆ ಕೊಟ್ಟು ಬರುತ್ತಿದ್ದರು.

ಇನ್ನು ನಮ್ಮ ಮಾವ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾಗಿ ತೊಂಬತ್ತರ ದಶಕದ ಕೊನೆಯಲ್ಲಿ ಅತ್ತೆಯ ಜೊತೆ ನಮ್ಮಲ್ಲಿಗೆ ಬಂದು ನೆಲೆಸಿದವರು. ಹಣೆಯ ಮೇಲೆ ವಿಭೂತಿ ಇಲ್ಲದೆ ಬಾಗಿಲು ದಾಟಿದವರಲ್ಲ. ಕನ್ನಡದವರು ಸೇರಿದಲ್ಲೆಲ್ಲ ಅವರಿಗೆ ಮೈಕು ಸಿಗುತ್ತಿತ್ತು, ಮೈಕು ಸಿಕ್ಕಲ್ಲೆಲ್ಲ ದುಶ್ಚಟಗಳ ಮೇಲೆ ಭಾಷಣ ಇರುತ್ತಿತ್ತು. ಒಮ್ಮೆ ಊಟದ ಹೊತ್ತು ಮೀರಿದರೂ ಕುಡಿತದ ಕೆಡುಕಿನಿಂದ ಇಳಿಯದೆ, ಹೋಳಿಗೆಯೆಲ್ಲ ತಣ್ಣಗಾಗಿತ್ತು.

ಅಡುಗೆಮನೆಯ ಕಿಟಕಿಯಿಂದ ಅಂಗಡಿಯ ಬಾಗಿಲು ಕಾಣುತ್ತದೆ. ಶುಕ್ರವಾರ ಸಂಜೆ ವಾಕಿಂಗ್ ಮುಗಿಸಿದ ಮಾವ ಆ ಬಾಗಿಲಿನಿಂದ ಹೊರಬಂದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಪೇಪರಿನ ಸುರುಳಿಯೊಂದನ್ನು ಕೋಟಿನೊಳಗೆ ಇಳಿಸುವುದನ್ನು ನಾನು ನೋಡಿದ್ದೆ. ಒಮ್ಮೆಯಲ್ಲ, ಹಲವು ಸಲ. ಗಂಡನಿಗೂ ಹೇಳಿರಲಿಲ್ಲ. ಅತ್ತೆಗೆ ಹೇಳುವ ಮಾತೇ ಇಲ್ಲ.

ಟೌನ್ ಹಾಲಿನಲ್ಲಿ ಲೈಸೆನ್ಸಿನ ಸಭೆ ನಡೆಯುವಾಗ ಅಂಗಡಿಯವರ ಪರವಾಗಿ ಒಂದು ಮಾತು ಹೇಳಲು ನಾನು ಒಪ್ಪಿಕೊಂಡಿದ್ದೆ. ಸಭೆಯ ಹಿಂದಿನ ದಿನ ಅಂಗಡಿಯಾತ ಜೋಳದ ಹಿಟ್ಟು ತೂಗುತ್ತಾ ದನಿ ತಗ್ಗಿಸಿದರು.

“ಅಕ್ಕ, ನೀವು ಕಂಡದ್ದನ್ನು ಕಂಡ ಹಾಗೆ ಹೇಳಿ. ಆದ್ರೆ ಗಿರಾಕಿಗಳ ಸುದ್ದಿ ಮಾತ್ರ ಬೇಡ. ಪೇಪರ್ ಸುತ್ತಿ ಕೊಟ್ಟ ಮೇಲೆ ಅದು ನಂಬಿಕೆ ಅಲ್ವಾ. ಲೈಸೆನ್ಸ್ ಹೋದ್ರೆ ಹೋಗ್ಲಿ.”

“ಹೋಗ್ಲಿ ಅಂತೆ,” ಎಂದು ಅವರ ಹೆಂಡತಿ ಒಳಗಿನಿಂದ ನುಡಿದರು. “ಮತ್ತೆ ನಾವು ಎಂತ ಮಾಡುದು ಮಾರಾಯ್ರೆ, ಕುಚ್ಚಲಕ್ಕಿ ಮಾರಿ ಬಾಡಿಗೆ ಕಟ್ಟುದಾ?”

ಟೌನ್ ಹಾಲಿಗೆ ನಾನೊಬ್ಬಳೇ ಹೋಗುವುದೆಂದುಕೊಂಡಿದ್ದೆ. ನೆರೆಯವರ ಕಷ್ಟಕ್ಕೆ ಹೋಗದಿದ್ದರೆ ಹೇಗೆ ಎಂದು ಮಾವ ಕೋಟು ಹಾಕಿಕೊಂಡರು. ಟೌನ್ ಹಾಲನ್ನು ಒಳಗಿನಿಂದ ನೋಡಿಲ್ಲವೆಂದು ಅತ್ತೆಯೂ ಹೊರಟರು. ಸಾರ್ವಜನಿಕರ ಕುರ್ಚಿಗಳಲ್ಲಿ ನೋಡಿದರೆ ನಮ್ಮವರು ಇನ್ನೂ ಕೆಲವರು ಹೆಂಡತಿಯರ ಸಮೇತ ಬಂದಿದ್ದರು. ಹೆಂಗಸರು ನಿರಾಳವಾಗಿ ಮಾತಾಡುತ್ತಿದ್ದರು. ಗಂಡಸರು ಮಾತ್ರ ಛಾವಣಿಯ ಕೆತ್ತನೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಎದುರಿಗೆ ಮೂವರು ಕೌನ್ಸಿಲರುಗಳು. ನಡುವೆ ಅಧ್ಯಕ್ಷೆ, ಕನ್ನಡಕ ಮೂಗಿನ ತುದಿಯಲ್ಲಿ. ಮೊದಲು ದೂರು ಕೊಟ್ಟವರನ್ನು ಮಾತಾಡಲು ಕರೆದರು. ಅಂಗಡಿಯ ಎದುರು ಮನೆಯ ವಯಸ್ಸಾದ ಇಂಗ್ಲಿಷ್ ಹೆಂಗಸು. ಗೋಡೆಯ ಬುಡದಲ್ಲಿ ಗಾಜಿನ ಚೂರು, ಬಿಯರಿನ ಡಬ್ಬಿ ಬೀಳುತ್ತವೆ ಎಂದರು. ಅದು ನಿಜ, ಒಂದು ಚೂರನ್ನು ನಾನೂ ತುಳಿದಿದ್ದೆ. ಆದರೆ ತನ್ನ ನಿಜವಾದ ಭಯ ಬೇರೆ ಎಂದು ಮುಂದುವರಿಸಿದರು. ಒಳ್ಳೆಯ ಬಟ್ಟೆ ಹಾಕಿದ ವಯಸ್ಕರು ಪೇಪರಿನ ಪೊಟ್ಟಣ ಹಿಡಿದು ಹೊರಬಂದು, ಆಚೀಚೆ ನೋಡಿ, ಕೋಟಿನಲ್ಲಿ ಅಡಗಿಸಿಕೊಂಡು ಸರಸರನೆ ಹೋಗುತ್ತಾರೆ. ಒಳಗೆ ಏನು ಮಾರಾಟವಾಗುತ್ತಿದೆಯೋ ದೇವರೇ ಬಲ್ಲ. ಅವರ ದನಿಯಲ್ಲಿ ಹಗೆ ಇರಲಿಲ್ಲ, ನಿದ್ದೆಗೆಟ್ಟವರ ದನಿ ಅದು.

ಪೊಲೀಸ್ ಅಧಿಕಾರಿ, ಅಂಗಡಿಯ ಮೇಲೆ ಬೇರೆ ದೂರಿಲ್ಲ, ಆದರೆ ಆ ಪೊಟ್ಟಣಗಳ ವಿಷಯ ತನಗೂ ತಿಳಿಯಬೇಕಿದೆ ಎಂದರು. ಅಂಗಡಿಯಾತ ಎದ್ದರು. ಗಾಜು ತಾನೇ ಗುಡಿಸುತ್ತೇನೆ ಎಂದರು. ಪೊಟ್ಟಣದಲ್ಲಿರುವುದು ಕಪಾಟಿನ ಬಾಟಲಿಯೇ, ಸುತ್ತುವುದು ನಮ್ಮ ಪದ್ಧತಿ ಎಂದರು. ಕಾನೂನುಬದ್ಧವಾಗಿ ಕೊಂಡದ್ದನ್ನು ಗಿರಾಕಿ ಯಾಕೆ ಅಡಗಿಸಬೇಕು ಎಂದು ಅಧ್ಯಕ್ಷೆ ಕೇಳಿದರು. ಅದಕ್ಕೆ ಉತ್ತರ ನಮ್ಮ ಹಿಂದಿನ ಕುರ್ಚಿಗಳಲ್ಲಿ ಜೋಡಿಜೋಡಿಯಾಗಿ ಕೂತಿತ್ತು. ಅಂಗಡಿಯಾತ ಗಾಜು ಗುಡಿಸುವ ಮಾತನ್ನೇ ಇನ್ನೊಮ್ಮೆ ಹೇಳಿ ಕೂತರು. ಅಧ್ಯಕ್ಷೆ ಏನನ್ನೋ ಬರೆದುಕೊಂಡರು. ಅಂಗಡಿಯಾತನ ಹೆಂಡತಿಯ ಕೈ ವ್ಯಾನಿಟಿ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

ಆಮೇಲೆ ನನ್ನನ್ನು ಕರೆದರು. ಗುಂಡಿ ಒತ್ತಿದರೆ ಮೈಕಿನ ಕೊರಳಲ್ಲಿ ಕೆಂಪು ದೀಪ ಹತ್ತುತ್ತದೆ. ಕಂಡದ್ದನ್ನಷ್ಟೇ ಹೇಳುತ್ತೇನೆ ಎಂದು ಶುರುಮಾಡಿ, ಅಂಗಡಿಯವರು ಹುಡುಗರಿಗೆ ಮಾರದೆ ವಾಪಸು ಕಳಿಸಿದ್ದು ಕಂಡಿದ್ದೇನೆ, ಗಾಜಿನ ಚೂರೂ ಕಂಡಿದ್ದೇನೆ, ಎರಡೂ ನಿಜ ಎಂದೆ. ಪೊಟ್ಟಣ ಒಯ್ಯುವವರನ್ನು ಕಂಡಿದ್ದೀರಾ ಎಂದು ಕೇಳಿದರು. ಹೌದು ಎಂದೆ. ಗೊತ್ತಿರುವವರೇ? ಹೌದು. ಹೆಸರು ಬೇಡ, ಅವರು ಯಾಕೆ ಅಡಗಿಸುತ್ತಾರೆ ಎಂದು ಮಾತ್ರ ಹೇಳಬಲ್ಲಿರಾ?

ಹೇಳಬಲ್ಲೆ. ಮನೆಯವರಿಗೆ ಗೊತ್ತಾಗಬಾರದೆಂದು. ಆದರೆ ಆ ಮನೆಯವರು, ಅಂದರೆ ನಮ್ಮ ಅತ್ತೆ, ನನ್ನ ಬೆನ್ನ ಹಿಂದೆಯೇ, ಮೊದಲ ಸಾಲಿನಲ್ಲಿ, ಉಲ್ಲನ್ ಶಾಲು ಹೊದ್ದು ಕೂತಿದ್ದರು. ಹೇಳಿದರೆ ನಾಳೆಯಿಂದ ಮಾವನ ಮುಖ ನೋಡುವುದು ಹೇಗೆ? ಹೇಳದಿದ್ದರೆ ಅಂಗಡಿಯ ಲೈಸೆನ್ಸು ಹೋಗುತ್ತದೆ. ಕೆಂಪು ದೀಪ ಉರಿಯುತ್ತಲೇ ಇತ್ತು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಮಾವ ಎದ್ದು ನಿಂತಿದ್ದರು. ರೈಲ್ವೆಯ ಇಂಗ್ಲಿಷಿನಲ್ಲಿ, ಭಾಷಣದ ಅದೇ ದನಿಯಲ್ಲಿ, ಮೇಡಂ, ಆ ವ್ಯಕ್ತಿ ನಾನೇ ಎಂದರು. ಶುಕ್ರವಾರ ಬ್ರಾಂಡಿಯ ಸಣ್ಣ ಬಾಟಲಿ, ನೆಗಡಿಗೆ. ಇದರ ವಿರುದ್ಧ ನಾನು ಬಹಳ ಉಪನ್ಯಾಸ ಕೊಟ್ಟವನು, ಆದ್ದರಿಂದ ಪೇಪರು ಅಗತ್ಯವಾಯಿತು. ಅಂಗಡಿಯವರದು ತಪ್ಪಿಲ್ಲ.

ಅಧ್ಯಕ್ಷೆ ಬಾಯಿ ತೆರೆಯುವ ಮೊದಲೇ ಅತ್ತೆ ಮಾವನ ಕೋಟಿನ ತೋಳು ಜಗ್ಗಿದರು.

“ಕುಂದರ್ರಿ ಸುಮ್ನ. ಚಟ್ನಿಪುಡಿ ಎಣ್ಣಿ ಕಲೆ ಇದ್ದ ಪೇಪರ್ ನಾನ ಅಂಗಡಿಗೆ ಕೊಡ್ತೇನಿ, ಅದು ತಿರುಗಿ ನಿಮ್ಮ ಸೂಟ್‌ಕೇಸಿನ್ಯಾಗ ಬಂದು ಕುಂದರ್ತೈತಿ. ನಂಗ ಕಣ್ಣಿಲ್ಲೇನು?”

ಆ ಮಹಿಳೆ ಏನು ಹೇಳಿದರು ಎಂದು ಅಧ್ಯಕ್ಷೆ ನನ್ನನ್ನು ಕೇಳಿದರು. ನಾನು ಒಂದು ಪದವನ್ನೂ ಬಿಡದೆ ಇಂಗ್ಲಿಷಿಗೆ ತಂದೆ. ಚಟ್ನಿಪುಡಿ ಎಂದರೇನು ಎಂದು ಒಬ್ಬ ಕೌನ್ಸಿಲರು ಕೇಳಿದ್ದಕ್ಕೆ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಎಂದು ವಿವರಿಸಿದೆ. ಅವರು ಅದನ್ನು ಬರೆದುಕೊಂಡರು.

“ಇದನ್ನೂ ಹೇಳವ್ವ ಅವರಿಗೆ,” ಎಂದರು ಅತ್ತೆ, ಈ ಸಲ ಮೆಲ್ಲಗೆ. “ಗೊತ್ತಾದ ಮ್ಯಾಲೂ ನಾನು ಪೇಪರ್ ಕೊಡೋದು ಬಿಡಲಿಲ್ಲ. ಅವರ ಮರ್ಯಾದಿ ಉಳೀಲಿ ಅಂತ.”

ಅದನ್ನೂ ಇಂಗ್ಲಿಷಿಗೆ ತಂದೆ. ಮೊದಲು ನಕ್ಕದ್ದು ದೂರು ಕೊಟ್ಟ ಹೆಂಗಸೇ. ತನ್ನ ಅಮ್ಮ ಜಿನ್ ಬಾಟಲಿಯನ್ನು ಹೆಣಿಗೆಯ ಬುಟ್ಟಿಯಲ್ಲಿ ಇಡುತ್ತಿದ್ದಳು, ಮನೆಯಲ್ಲಿ ಯಾರೂ ಆ ಬುಟ್ಟಿ ಮುಟ್ಟುತ್ತಿರಲಿಲ್ಲ ಎಂದರು. ಹಿಂದಿನ ಸಾಲುಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಪಕ್ಕಕ್ಕೆ ತಿರುಗಿದರು. ಗಂಡಸರು ಮತ್ತೆ ಛಾವಣಿ ನೋಡಿದರು.

ಮೂವರೂ ಒಳಗೆ ಹೋಗಿ ಚರ್ಚಿಸಿ ಹೊರಬಂದರು. ಲೈಸೆನ್ಸು ಉಳಿಯಿತು, ಷರತ್ತುಗಳೊಡನೆ. ಬಿಯರಿನ ಬಿಡಿ ಡಬ್ಬಿ ಮಾರಬಾರದು. ಎದುರಿನ ಗೋಡೆಯ ಬುಡವನ್ನು ದಿನವೂ ಗುಡಿಸಬೇಕು. ಇನ್ನು ಮುಂದೆ ಬಾಟಲಿಗಳನ್ನು ಪೇಪರಿನಲ್ಲಿ ಸುತ್ತದೆ, ಒಳಗಿರುವುದು ಹೊರಗೆ ಕಾಣುವಂಥ ಚೀಲದಲ್ಲೇ ಕೊಡಬೇಕು. ಅಂಗಡಿಯಾತನ ಹೆಂಡತಿ ಶಿಲುಬೆಯ ಗುರುತು ಮಾಡಿಕೊಂಡರು. ಕೊನೆಯ ಷರತ್ತು ಕೇಳಿ ಅಂಗಡಿಯಾತನ ಮುಖ ಸಣ್ಣದಾಯಿತು.

“ಕಾಣುವ ಚೀಲ ಅಂತೆ,” ಎಂದರು ಮೆಟ್ಟಿಲಿಳಿಯುತ್ತಾ. “ನಿಮ್ಮ ಮಾವ ಇನ್ನು ಬರ್ತಾರಾ?”

ಎರಡು ಶುಕ್ರವಾರ ಮಾವ ವಾಕಿಂಗಿಗೇ ಹೋಗಲಿಲ್ಲ. ಮೂರನೆಯ ಶುಕ್ರವಾರ ಹೋದರು. ನಾನು ಕಿಟಕಿಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದೆ. ಅವರು ಬಾಗಿಲಿನಿಂದ ಹೊರಬಂದಾಗ ಕೈಯಲ್ಲಿದ್ದದ್ದು ಕೌನ್ಸಿಲು ಹೇಳಿದಂಥದೇ ತೆಳು ಚೀಲ. ಅದರ ತುಂಬ ಕೊತ್ತಂಬರಿ ಸೊಪ್ಪು. ಅಂಗಡಿಯಾತ ಕಾನೂನಿನ ಒಂದಕ್ಷರವನ್ನೂ ಮೀರದೆ, ಬಾಟಲಿಯ ಸುತ್ತ ಎರಡು ಕಟ್ಟು ಸೊಪ್ಪನ್ನು ನೀಟಾಗಿ ಜೋಡಿಸಿದ್ದರು. ಎದುರು ಮನೆಯ ಹೆಂಗಸು ತನ್ನ ಕಿಟಕಿಯಿಂದ ಕೈ ಬೀಸಿದರು. ಮಾವ ಅತ್ತಿತ್ತ ನೋಡದೆ ಚೀಲವನ್ನೇ ಎತ್ತಿ ತೋರಿಸಿದರು.

ಆ ವರ್ಷ ನಮ್ಮ ಬೀದಿಯ ಕನ್ನಡದ ಮನೆಗಳಲ್ಲಿ ಕೊತ್ತಂಬರಿ ಇಲ್ಲದ ಅಡುಗೆ ಇರಲಿಲ್ಲ. ಉಪ್ಪಿಟ್ಟಿಗೆ, ಮಜ್ಜಿಗೆಗೆ, ಕೊನೆಗೆ ಶೇಂಗಾ ಚಟ್ನಿಗೂ ಅದು ಬಿತ್ತು. ಅತ್ತೆ ಪ್ರತಿ ಶುಕ್ರವಾರ ಬಾಗಿಲಲ್ಲೇ ಚೀಲ ಇಸಿದುಕೊಂಡು, ಸೊಪ್ಪನ್ನು ತೆಗೆದು ನನ್ನ ಕೈಗೆ ಕೊಟ್ಟು, ಉಳಿದದ್ದನ್ನು ತಾವೇ ಒಯ್ದು ಸೂಟ್‌ಕೇಸಿನಲ್ಲಿ ಇಡುತ್ತಿದ್ದರು. ಇಡುವ ಮೊದಲು ಪೇಪರಿನಲ್ಲಿ ಸುತ್ತುತ್ತಿದ್ದರು.