ಅರಿಶಿನ ಕುಂಕುಮದ ಒಪ್ಪಿಗೆ

ನನ್ನ ತಾಯಿಗೆ ಅರಿಶಿನ ಕುಂಕುಮ ಕೊಟ್ಟು, ಆಕೆ ಅದನ್ನು ತೆಗೆದುಕೊಂಡದ್ದನ್ನೇ ಕಟ್ಟಡಕ್ಕೆ ಕೊಟ್ಟ ಒಪ್ಪಿಗೆಯೆಂದು ತುಂಬಿದ ಸಭೆಗೆ ತೋರಿಸಿದ್ದೀರಿ. ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಬೀದಿಯಲ್ಲಿ ಐದು ಅಂತಸ್ತಿನ ಅಪಾರ್ಟ್‌ಮೆಂಟ್ ಎಬ್ಬಿಸಹೊರಟ ಬಿಲ್ಡರ್ ಮಹಾಶಯರೇ, ಅವರ ಪಕ್ಕದಲ್ಲಿ ಕುಳಿತು ತಲೆಯಾಡಿಸಿದ ಅಧಿಕಾರಿಗಳೇ, ಇದು ಮೋಸ.

ನನಗೆ ಹೊಟ್ಟೆಕಿಚ್ಚು ಎಂದು ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಅದು ಸುಳ್ಳಲ್ಲ. ಆ ಕಿಚ್ಚಿಗೆ ನನ್ನಷ್ಟೇ ವಯಸ್ಸಾಗಿದೆ.

ನಮ್ಮ ಮನೆಯ ಪಡುವಣಕ್ಕೆ ಗೋಡೆಗೆ ಗೋಡೆ ತಾಗಿದಂತೆ ನನ್ನ ಗೆಳತಿಯ ಮನೆ. ಮೊಸಾಯಿಕ್ ನೆಲ ಮೊದಲು ಬಂದದ್ದು ಅವರಲ್ಲಿ, ಫ್ರಿಜ್ ಮೊದಲು ಬಂದದ್ದು ಅವರಲ್ಲಿ. ಬೇಸಿಗೆಯಲ್ಲಿ ಐಸ್ ಕೇಳಲು ಬಟ್ಟಲು ಹಿಡಿದು ಹೋಗುತ್ತಿದ್ದವಳು ನಾನು. ಆದರೆ ಅವರದು ಹೆಂಚಿನ ಮನೆ, ನಮ್ಮದು ತಾರಸಿ. ಹಪ್ಪಳದ ಕಾಲ ಬಂತೆಂದರೆ ಗೆಳತಿಯ ತಾಯಿ ಕಲಸಿದ ಹಿಟ್ಟು ಹೊತ್ತು ನಮ್ಮ ಬಾಗಿಲಿಗೆ ಬಂದು, ಒಂದು ಮೂಲೆ ಜಾಗ ಕೊಡಿ ಎಂದು ಕೇಳಬೇಕಿತ್ತು. ನನ್ನ ತಾಯಿ ಪ್ರತಿ ವರ್ಷವೂ ನಗುನಗುತ್ತಾ ಒಪ್ಪುತ್ತಿದ್ದಳು. ನಾನು ಮಾತ್ರ ಆ ಕೇಳುವಿಕೆಗಾಗಿಯೇ ಕಾದಿರುತ್ತಿದ್ದೆ. ಅವರ ಬಳಿ ಇಲ್ಲದೆ ನಮ್ಮಲ್ಲಿ ಇದ್ದದ್ದು ಅದೊಂದೇ, ಬಿಸಿಲು.

ತಂದೆಯ ಕಾರ್ಖಾನೆಯ ಕೆಲಸ ಹೋದ ಮೇಲೆ ಅದೇ ಬಿಸಿಲು ನಮ್ಮ ಮನೆ ನಡೆಸಿತು. ತಾಯಿಯ ಹಲಸಿನ ಹಪ್ಪಳ, ಅರಳು ಸಂಡಿಗೆ ಬಸ್ಸು ಹತ್ತಿ ಶಿವಮೊಗ್ಗದ ಅಂಗಡಿಗಳಿಗೆ ಹೋದವು. ನಾನು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದೆ. ಹಪ್ಪಳಕ್ಕೆ ಬೆಳಗಿನ ಬಿಸಿಲೊಂದೇ ಸಾಲದು. ಇಳಿಹೊತ್ತಿನ ಬಿಸಿಲಲ್ಲಿ ಮಗುಚಿ ಹಾಕದಿದ್ದರೆ ಒಳಗೆ ಹಸಿ ಉಳಿದು, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಈಗ ಗೆಳತಿಯ ಮನೆಯವರು ತಮ್ಮ ಜಾಗವನ್ನೂ ಅದರ ಹಿಂದಿನ ಖಾಲಿ ಹಿತ್ತಲನ್ನೂ ಬಿಲ್ಡರಿಗೆ ಕೊಟ್ಟಿದ್ದಾರೆ. ಬದಲಿಗೆ ಅವರಿಗೆ ಎರಡು ಫ್ಲ್ಯಾಟ್. ಶಿವಮೊಗ್ಗದ ಬಿಲ್ಡರ್ ಆಫೀಸಿಗೆ ಗೆಳತಿಯೇ ನನ್ನನ್ನು ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಬಣ್ಣದ ಚಿತ್ರ ತೋರಿಸಿದಳು. ನಾಲ್ಕನೆಯ ಅಂತಸ್ತಿನಲ್ಲಿ ಅವಳ ಬಾಲ್ಕನಿ. ಬಾಲ್ಕನಿಯ ಕೆಳಗೆ ಹುಲ್ಲುಹಾಸು, ಎರಡು ಮರ, ಒಂದು ಬೆಂಚು.

ಆ ಹುಲ್ಲುಹಾಸು ಇದ್ದದ್ದು ನಮ್ಮ ಮನೆ ಇರುವ ಜಾಗದಲ್ಲಿ. ಚಿತ್ರದಲ್ಲಿ ನಾವು ಇರಲೇ ಇಲ್ಲ. ಆದರೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಮೊದಲು ನೋಡಿದ್ದು ಬಾಲ್ಕನಿಯನ್ನು.

ಮರುವಾರ ಬಿಲ್ಡರ್ ಮನೆಯ ಹೆಂಗಸರು ತಟ್ಟೆ ಹಿಡಿದು ಬೀದಿಗೆ ಬಂದರು. ಜೊತೆಯಲ್ಲಿ ಗೆಳತಿಯ ತಾಯಿ. ಭೂಮಿಪೂಜೆಗೆ ಕರೆಯಲು ಬಂದದ್ದಾಗಿ ಹೇಳಿ ಮನೆಮನೆಗೂ ಅರಿಶಿನ ಕುಂಕುಮ, ರವಿಕೆ ಕಣ, ತೆಂಗಿನಕಾಯಿ ಕೊಟ್ಟರು. ತಾಯಿ ಹಿಟ್ಟಿನ ಕೈ ತೊಳೆದು, ಸೆರಗು ಹೊದ್ದು ತೆಗೆದುಕೊಂಡಳು. ಒಬ್ಬಾಕೆ ಮೊಬೈಲಿನಲ್ಲಿ ಫೋಟೊ ಹಿಡಿದಳು. ಗೆಳತಿಯ ತಾಯಿಗೆ ಸಿಕ್ಕ ರವಿಕೆ ಕಣ ರೇಷ್ಮೆಯದೆಂದೂ ನಮ್ಮದು ಬರೀ ಮಿಶ್ರ ನೂಲಿನದೆಂದೂ ಆ ದಿನ ನಾನು ಗೊಣಗಿದೆ. ಫೋಟೊ ಏಕೆಂದು ಕೇಳಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ಓದಿದವಳು ಮಾಡಿದ ತಪ್ಪು ಅದು.

ಕಟ್ಟಡದ ಅನುಮತಿಗೆಂದು ಸಮುದಾಯ ಭವನದಲ್ಲಿ ಕರೆದ ಸಭೆಯಲ್ಲಿ ಅವೇ ಫೋಟೊಗಳು ಪರದೆಯ ಮೇಲೆ ಬಂದವು. ಅಕ್ಕಪಕ್ಕದ ಎಲ್ಲ ಮನೆಯವರೂ ಸಂತೋಷದಿಂದ ಒಪ್ಪಿದ್ದಾರೆ ಎಂದು ಬಿಲ್ಡರ್ ವಿವರಿಸಿದರು. ನಮ್ಮ ತಾರಸಿಯ ಬಿಸಿಲಿನ ಗತಿಯೇನೆಂದು ನಾನು ಎದ್ದು ಕೇಳಿದೆ. ಊರು ಬೆಳೆಯುವಾಗ ಹಪ್ಪಳದ ಲೆಕ್ಕ ಹಿಡಿದು ಕೂರಬಾರದೆಂಬ ಉತ್ತರ ಬಂತು, ಹಲವರು ನಕ್ಕರು. ಆಗ ತಾಯಿ ಎದ್ದಳು.

"ಅರಿಶಿನ ಕುಂಕುಮನ ಬೇಡ ಅಂತ ಯಾರಾದ್ರೂ ಅಂತಾರೇನ್ರೀ? ಆಗದೇ ಇರೋರು ತಂದ್ರೂ ತಗೋತೀವಿ. ಅದು ಮುತ್ತೈದೆಗೆ ಕೊಡೋ ಮರ್ಯಾದೆ. ನನ್ನ ಬಿಸಿಲು ತಗೊಳ್ಳಿ ಅಂತ ನಾನು ಯಾವಾಗ ಹೇಳ್ದೆ?"

ಅಧಿಕಾರಿ ಗಡಿಯಾರ ನೋಡಿ ಸಭೆ ಮುಗಿಸಿದರು.

ಹೊರಗೆ ಗೆಳತಿ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಹೊಟ್ಟೆಕಿಚ್ಚು ಬಿಡೇ ಮಾರಾಯ್ತಿ. ನಿಮ್ಮ ಜಾಗ ಕೇಳಿದ್ರೆ ನೀನೇ ಮೊದ್ಲು ಸೈನ್ ಹಾಕ್ತಿದ್ದೆ."

"ಹಾಕ್ತಿದ್ನೇನೋ. ಆದ್ರೆ ನನ್ನನ್ನ ಕೇಳಿರ್ತಿದ್ರಲ್ಲ."

ಅವಳು ಕೈ ಬಿಟ್ಟಳು. ಆ ಬಾಲ್ಕನಿ ನನಗೆ ಈಗಲೂ ಬೇಕೆನಿಸುತ್ತದೆ. ಆದರೆ ನನ್ನ ಕಿಚ್ಚು ನಿಮ್ಮ ಮೋಸಕ್ಕೆ ಸಮಜಾಯಿಷಿಯಾಗಲಾರದು.

ಆದ್ದರಿಂದ ಬಿಲ್ಡರ್ ಹಾಗೂ ಅನುಮತಿ ನೀಡುವ ಅಧಿಕಾರಿಗಳಲ್ಲಿ ಈ ಮೂಲಕ ಕೋರುವುದೇನೆಂದರೆ: ನನ್ನ ತಾಯಿಯ ಫೋಟೊವನ್ನು ಒಪ್ಪಿಗೆಯ ಕಡತದಿಂದ ತೆಗೆಯಿರಿ. ನಮ್ಮ ಮನೆಯನ್ನು ಇದ್ದ ಜಾಗದಲ್ಲೇ ತೋರಿಸುವ ನಕ್ಷೆ ಬರೆಸಿ, ನಿಮ್ಮ ಕಟ್ಟಡದ ನೆರಳು ಇಳಿಹೊತ್ತಿನಲ್ಲಿ ನಮ್ಮ ತಾರಸಿಯ ಮೇಲೆ ಎಲ್ಲಿಯವರೆಗೆ ಬೀಳುತ್ತದೆಂದು ಅದರಲ್ಲಿ ಗುರುತಿಸಿ. ಆ ನಕ್ಷೆಯನ್ನಿಟ್ಟುಕೊಂಡು ಸಭೆಯನ್ನು ಮತ್ತೆ ಕರೆಯಿರಿ. ಅಲ್ಲಿಯತನಕ ಪಾಯ ತೋಡಬೇಡಿ. ಉತ್ತರ ಬರವಣಿಗೆಯಲ್ಲಿರಲಿ, ನನ್ನ ತಾಯಿಯ ಹೆಸರಿಗೆ ಬರಲಿ. ಅದನ್ನು ತಟ್ಟೆಯಲ್ಲಿಟ್ಟು ತರಬೇಡಿ.