ಗಿರಿಯಮ್ಮನನ್ನು ಟೀವಿಯೊಳಗೆ ಕರೆತಂದ ರೇಣುಕಯ್ಯ

ಮಧುಗಿರಿ ಬೆಟ್ಟದ ನೆತ್ತಿಗೆ ಈಗಷ್ಟೇ ಬಿಸಿಲು ತಾಗಿದೆ. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯ ಅಂಗಡಿಯಲ್ಲಿ ರೇಣುಕಯ್ಯ ಆಗಲೇ ಒಂದು ಟೀವಿಯ ಬೆನ್ನು ಬಿಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ. ಶಾಕ್ ಹೊಡೆಯದಿರಲಿ ಎಂದು ಎಡಗೈ ಪ್ಯಾಂಟಿನ ಜೇಬಿನಲ್ಲಿದೆ. ಬಲಗೈಯಲ್ಲಿ, ಚಿತ್ರದ ಅಗಲದ ತಿರುಪು ತಿರುಗಿಸಲು, ಸವರಿ ಚೂಪು ಮಾಡಿದ ಬಿದಿರು ಕಡ್ಡಿ. ಟೀವಿಯ ಮುಂದೆ ಸ್ಟೂಲಿನ ಮೇಲೆ ಒಂದು ಕನ್ನಡಿ ಇದೆ. ಹಿಂದೆ ಕೂತು ಮುಂದಿನ ಚಿತ್ರ ನೋಡಲು ಅದೇ ದಾರಿ.

ಇಷ್ಟು ಬೇಗ ಟೀವಿಯಲ್ಲಿ ಯಾವ ಕಾರ್ಯಕ್ರಮವೂ ಇಲ್ಲ. ರೇಣುಕಯ್ಯ ತಾವೇ ಕಟ್ಟಿದ ಸಣ್ಣ ಪೆಟ್ಟಿಗೆಯೊಂದನ್ನು ಟೀವಿಗೆ ಜೋಡಿಸಿದರೆ ಅದು ಗಾಜಿನ ಮೇಲೆ ಅಡ್ಡ ಉದ್ದ ಗೆರೆ ಮೂಡಿಸುತ್ತದೆ. ಗೆರೆಗಳ ನಡುವಿನ ಮನೆಗಳು ಸರಿಯಾಗಿ ಚೌಕವಾದರೆ ಚಿತ್ರದ ಅಗಲ ಸರಿ ಎಂದರ್ಥ. ಇಲ್ಲವಾದರೆ ಸಂಜೆ ವಾರ್ತೆ ಓದುವಾಕೆಯ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿರುತ್ತದೆ.

"ಗಿರಣಿ ಶುರುವಾದ್ರೆ ಕರೆಂಟು ಇಳೀತದೆ, ಚಿತ್ರ ಎರಡೂ ಕಡೆಯಿಂದ ಮುದುಡ್ಕಂತದೆ. ಅದಕ್ಕೇ ಬೆಳಿಗ್ಗೇನೇ ಕೆಲಸ," ಎನ್ನುತ್ತಾರೆ. ಕಾಫಿ ತಂದ ಹೆಂಡತಿ ಇಂದ್ರಮ್ಮ ನಗುತ್ತಾ, "ಮನೇಲಿ ಕುಕ್ಕರ್ ಕೆಟ್ಟು ತಿಂಗಳಾಯ್ತು, ಅದರ ಬೆನ್ನು ಯಾವಾಗ ಬಿಚ್ಚೋದು ಕೇಳಿ," ಎಂದು ಚುಚ್ಚುತ್ತಾರೆ.

ರೇಡಿಯೋ ರಿಪೇರಿಯಿಂದ ಹೊಟ್ಟೆ ಹೊರೆಯುತ್ತಿದ್ದ ರೇಣುಕಯ್ಯ ಟೀವಿಗೆ ಕೈ ಹಾಕಿದ್ದು ಐದು ವರ್ಷದ ಹಿಂದೆ, ಎಂಬತ್ಮೂರರಲ್ಲಿ. ಕೊರಟಗೆರೆಯಲ್ಲಿ ಬಿಚ್ಚಿದ ಮೊದಲ ಟೀವಿ ಶಾಕ್ ಹೊಡೆದು ಅವರನ್ನು ಗೋಡೆಗೆ ಎತ್ತಿ ಒಗೆದಿತ್ತು. ಈಗ ಚೀಲ ಹೆಗಲಿಗೇರಿಸಿ ಬಸ್ಸಿನಲ್ಲಿ ಶಿರಾ, ಪಾವಗಡವನ್ನೂ ಸುತ್ತುತ್ತಾರೆ. ದಿನಕ್ಕೆ ನಾಲ್ಕೈದು ಟೀವಿ ಕೈಗೆ ಸಿಗುತ್ತವೆ. ಎಲ್ಲ ಕಡೆಯೂ ಒಂದೇ ಬೇಡಿಕೆ, ಚಿತ್ರ ಗಾಜಿನ ತುಂಬಾ ಬರಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಕಂಡರೂ ಜನ ಮುಖ ಸಿಂಡರಿಸುತ್ತಾರೆ. ಆದರೆ ಎಳೆದು ಅಗಲ ಮಾಡಿದಷ್ಟೂ ಅಂಚಿನಲ್ಲಿರುವವರು ಗಾಜಿನ ಆಚೆ ಹೋಗಿಬಿಡುತ್ತಾರೆ.

ಹೋದ ತಿಂಗಳು ಪುರವರದಲ್ಲಿ ಆದದ್ದೂ ಅದೇ. ಊರಿನ ಹೆಂಗಸರು ಬೆಂಗಳೂರಿಗೆ ಹೋಗಿ ಹಾಡಿಬಂದ ಸೋಬಾನೆ ಪದ ಅಂದು ಸಂಜೆ ಟೀವಿಯಲ್ಲಿ ಬರುವುದಿತ್ತು. ಪಂಚಾಯಿತಿ ಟೀವಿಯ ಉಸ್ತುವಾರಿ ಚಿಕ್ಕರಂಗಯ್ಯ ರೇಣುಕಯ್ಯನವರನ್ನು ಕರೆಸಿ, ಚಿತ್ರವನ್ನು ಗಾಜಿನ ತುಂಬಾ ಎಳೆಸಿದ್ದರು. ಊರಿಗೆ ಊರೇ ಚಾಪೆ ಹಾಸಿಕೊಂಡು ಕೂತಿತ್ತು.

ಹಾಡು ಶುರುವಾಯಿತು. ಸಾಲಾಗಿ ನಿಂತ ಹೆಂಗಸರಲ್ಲಿ ಒಂದು ತುದಿಯ ಕ್ಯಾತಮ್ಮನ ಮೊಣಕೈ ಮಾತ್ರ ಕಂಡಿತು. ಇನ್ನೊಂದು ತುದಿಯ ಗಿರಿಯಮ್ಮ ಇಲ್ಲವೇ ಇಲ್ಲ! ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಮುಂದೆಯೇ ಕೂತಿದ್ದ ಗಿರಿಯಮ್ಮನ ಮುಖ ಸಪ್ಪಗಾಯಿತು. "ಇವಳು ಬೆಂಗ್ಳೂರಿಗೆ ಹೋಗೇ ಇಲ್ಲ ಕಣ್ಲಾ, ತುಮಕೂರಲ್ಲೇ ಇಳ್ಕಂಬುಟ್ಟವ್ಳೆ!" ಎಂದು ಯಾರೋ ಕೂಗಿದರು. ಎಲ್ಲರೂ ಘೊಳ್ಳೆಂದು ನಕ್ಕರು. "ಹೋಗಿದ್ದೆ ಕಣ್ರಪ್ಪಾ, ಹಾಡಿವ್ನಿ!" ಎಂದು ಆಕೆ ಹಿಂದಕ್ಕೆ ತಿರುಗಿ ಹೇಳಿದರು.

ಹಾಡು ಮುಗಿದರೆ ಮತ್ತೆ ತೋರಿಸುವವರಿಲ್ಲ. ಹಾಡು ನೋಡಲೆಂದು ಅಲ್ಲೇ ಉಳಿದಿದ್ದ ರೇಣುಕಯ್ಯ ಟೀವಿಯ ಹಿಂದೆ ನುಗ್ಗಿ, ಗಡಿಬಿಡಿಯಲ್ಲಿ ಮುಚ್ಚಳ ಕಿತ್ತು, ಕಡ್ಡಿ ತೂರಿಸಿದರು. ಚೀಲದಿಂದ ಕನ್ನಡಿ ತೆಗೆಯಲೂ ಹೊತ್ತಿಲ್ಲ. ಹೆಚ್ಚು ತಿರುಗಿಸಿದರೆ ಚಿತ್ರವೇ ಹರಿದುಹೋಗಿ ಇಡೀ ಊರು ಮೈಮೇಲೆ ಬೀಳುವುದು ಖಂಡಿತ. "ಅಮ್ಮಾ, ನೀವೇ ನೋಡಿ ಹೇಳಿ!" ಎಂದು ಗಿರಿಯಮ್ಮನನ್ನು ಕೂಗಿದರು.

ಚಿತ್ರ ಎರಡೂ ಕಡೆಯಿಂದ ಒಳಕ್ಕೆ ಸರಿಯತೊಡಗಿತು. "ಏನಯ್ಯಾ ಇದು, ಗಾಜೆಲ್ಲ ಖಾಲಿ ಬುಟ್ಬುಟ್ಟೆ!" ಎಂದು ಚಿಕ್ಕರಂಗಯ್ಯ ಎದ್ದು ನಿಂತರು. ಗಿರಿಯಮ್ಮ ಅವರ ಪಂಚೆ ಹಿಡಿದು ಜಗ್ಗಿ ಕೂರಿಸಿದರು. "ಇನ್ನೊಸಿ... ನನ್ನ ಸೆರಗು ಬಂತು... ಇನ್ನೊಸಿ ಕಣಪ್ಪಾ... ಬಂದೆ! ಬಂದ್ಬುಟ್ಟೆ!"

ಕೊಂಚ ಸಣಕಲಾಗಿ, ಆದರೆ ಇಡಿಯಾಗಿ, ಗಿರಿಯಮ್ಮ ಬಾಯ್ತುಂಬಾ ಹಾಡುತ್ತಿದ್ದರು. ಆ ತುದಿಯಲ್ಲಿ ಕ್ಯಾತಮ್ಮನೂ ಇದ್ದರು. ಊರು ಶಿಳ್ಳೆ ಹೊಡೆಯಿತು. ಮೊಮ್ಮಕ್ಕಳು ಓಡಿಹೋಗಿ ಗಾಜಿನ ಮೇಲಿನ ಅಜ್ಜಿಯನ್ನು ಮುಟ್ಟಿ ಬಂದರು. ಗಿರಿಯಮ್ಮ ಅಳುತ್ತಿದ್ದರೋ ನಗುತ್ತಿದ್ದರೋ ಆಕೆಗೇ ಗೊತ್ತಿರಲಿಲ್ಲ.

ಮೊನ್ನೆ ಸಂತೆಗೆ ಬಂದ ಚಿಕ್ಕರಂಗಯ್ಯನವರನ್ನು ರೇಣುಕಯ್ಯ ಕೇಳಿದ್ದಾರೆ, "ಪುನಃ ಅಗಲ ಮಾಡಿಕೊಡ್ಲಾ?" ಅವರು ಕೈ ಅಲ್ಲಾಡಿಸಿದ್ದಾರೆ. "ಬ್ಯಾಡ ಬುಡಪ್ಪ, ಕಪ್ಪಿದ್ರೆ ಇರ್ಲಿ. ನಮ್ಮೂರೋರು ಇನ್ನೊಂದ್ಕಿತ ಟೀವೀಲಿ ಬಂದ್ರೆ?"

ಬರಲಿ ಎಂಬ ಆಸೆ ರೇಣುಕಯ್ಯನವರಿಗೂ ಇದೆ. "ಗಿರಿಯಮ್ಮನೋರು ಇನ್ನೊಂದು ಸಲ ಹಾಡ್ಲಿ ಸಾರ್," ಎನ್ನುತ್ತಾರೆ. "ಅವತ್ತು ನನಗೂ ಮುಂದ್ಗಡೆ ಒಂದು ಚಾಪೆ ಹಾಕ್ತೀನಿ ಅಂದವ್ರೆ. ಹೋದ್ಸಲ ಊರೆಲ್ಲ ಅವರ ಮುಖ ನೋಡ್ತು, ಟೀವಿ ಹಿಂದಿದ್ದ ನಾನೊಬ್ಬ ನೋಡ್ಲಿಲ್ಲ."