ಸಹಿ ಹಾಕದ ಎಪ್ಪತ್ತು ನಿಮಿಷ

ಅಣ್ಣ ಬಿದ್ದ ದಿನದ ಬಗ್ಗೆ ನಾನು ದಿನಚರಿ ಬರೆದದ್ದು ಮೂರು ದಿನ ಕಳೆದ ಮೇಲೆ. ಅದರಲ್ಲಿ ಒಂದು ಕಡೆ ಹೀಗಿದೆ: 'ರಾಹುಕಾಲ ಕಳೆಯಲಿ ಎಂದು ಅತ್ತಿಗೆ ಪಟ್ಟು ಹಿಡಿದರು. ಆ ಹೊತ್ತಿನಲ್ಲಿ ಅವರ ಮನಸ್ಸು ನೋಯಿಸಲು ನನಗಾಗಲಿಲ್ಲ.' ಅಕ್ಷರಗಳು ದುಂಡಗಿವೆ, ಒಂದು ಪದವನ್ನೂ ಹೊಡೆದುಹಾಕಿಲ್ಲ. ಓದಿದವರು ನನ್ನನ್ನು ಒಳ್ಳೆಯ ನಾದಿನಿ ಎಂದುಕೊಳ್ಳಬೇಕು, ಹಾಗೆ ಬರೆದಿದ್ದೇನೆ. ಆದರೆ ನನ್ನ ದಿನಚರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ.

ಅಣ್ಣ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅವನೂ ಅತ್ತಿಗೆಯೂ ಇರುವುದು ಅಲ್ಲೇ. ನಾನು ಶಿವಮೊಗ್ಗದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಮನೆ ಅದೇ ಊರಿನ ಆಲ್ಕೊಳದಲ್ಲಿ. ಅಣ್ಣನಿಗೆ ಬಿಪಿ ಇತ್ತು. ತಲೆನೋವಿಲ್ಲದ ಮೇಲೆ ಮಾತ್ರೆ ಯಾಕೆ ಎಂದು ಅದನ್ನು ತಾನೇ ನಿಲ್ಲಿಸಿದ್ದ. ಆ ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಸ್ಕೂಟರನ್ನು ಸ್ಟ್ಯಾಂಡಿಗೆ ಎಳೆಯುತ್ತಿದ್ದವನು ತಲೆ ಹಿಡಿದುಕೊಂಡು ಅಲ್ಲೇ ಕುಳಿತ. ವಾಂತಿಯಾಯಿತು. ಬಲಗೈ ಮೇಲೆ ಏಳಲಿಲ್ಲ. ಪಕ್ಕದ ಮನೆಯವರು ಅವನ ಜೊತೆಯೇ ಕೆಲಸ ಮಾಡಿದ್ದವರು, ಮನೆಯಲ್ಲಿ ತಮಿಳು ಮಾತಾಡುವವರು. ಅವರೇ ತಮ್ಮ ಓಮ್ನಿಯಲ್ಲಿ ಮಲಗಿಸಿಕೊಂಡು ಶಿವಮೊಗ್ಗದ ಖಾಸಗಿ ಆಸ್ಪತ್ರೆಗೆ ತಂದರು. ನಾನು ಕಾಲೇಜಿನಿಂದ ಹೋಗುವ ಹೊತ್ತಿಗೆ ಸ್ಕ್ಯಾನ್ ಮುಗಿದಿತ್ತು.

ಡಾಕ್ಟರು ನನಗಿಂತ ಚಿಕ್ಕವರು. ಕಂಪ್ಯೂಟರಿನ ಪರದೆಯ ಮೇಲೆ ಬೂದುಬಣ್ಣದ ಮೆದುಳಿನೊಳಗೆ ಬೆಳ್ಳಗೆ ಕಾಣುತ್ತಿದ್ದ ಮಚ್ಚೆಯನ್ನು ಪೆನ್ನಿನಿಂದ ಸುತ್ತು ಹಾಕಿ ತೋರಿಸಿದರು.

"ಇದು ರಕ್ತ ಮೇಡಂ. ಬಿಪಿ ಏರಿ ಒಳಗಿನ ಸಣ್ಣ ನಾಳ ಒಡೆದಿದೆ. ಹೀಗಾದೋರಿಗೆಲ್ಲ ನಾವು ಆಪರೇಷನ್ ಮಾಡಲ್ಲ. ಆದ್ರೆ ಇವರದು ದೊಡ್ಡದಿದೆ, ಮೆದುಳನ್ನ ಪಕ್ಕಕ್ಕೆ ತಳ್ತಾ ಇದೆ. ತೆಗೆದ್ರೆ ಜೀವ ಉಳಿಯೋ ಸಾಧ್ಯತೆ ಜಾಸ್ತಿ. ಕೈ, ಮಾತು ವಾಪಸ್ ಬರುತ್ತೆ ಅಂತ ಮಾತ್ರ ನಾನು ಭರವಸೆ ಕೊಡಲ್ಲ."

"ನೀವಾಗಿದ್ರೆ ಏನ್ ಮಾಡ್ತಿದ್ರಿ?" ಎಂದೆ.

"ಮಾಡಿಸ್ತಿದ್ದೆ. ಮಾತಾಡ್ಕೊಂಡು ಬೇಗ ಹೇಳಿ."

ಒಪ್ಪಿಗೆಯ ಕಾಗದವನ್ನು ನರ್ಸ್ ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆ ಅದನ್ನು ನನ್ನ ಕೈಗೆ ದಾಟಿಸಿದರು. "ನೀನೇ ಹಾಕು ಮಾರಾಯ್ತಿ. ಎಲ್ಲ ಇಂಗ್ಲಿಷಲ್ಲಿದೆ. ನೀನು ಹೇಳ್ದಂಗೆ ಆಗ್ಲಿ."

ನಾನು ಓದಿದೆ. ಆಪರೇಷನ್ ಟೇಬಲ್ಲಿನ ಮೇಲೆಯೇ ಸಾಯಬಹುದು ಎಂದಿತ್ತು. ಬದುಕಿದರೂ ಹಾಸಿಗೆ ಬಿಟ್ಟು ಏಳದಿರಬಹುದು ಎಂದಿತ್ತು. ಇದೆಲ್ಲ ತಿಳಿದೇ ಒಪ್ಪಿದ್ದೇನೆ ಎನ್ನುವವರು ಕೆಳಗೆ ಸಹಿ ಹಾಕಬೇಕು. ಅಣ್ಣ ಸತ್ತರೆ ನನ್ನ ಸಹಿಯಿಂದ ಸತ್ತ, ಮಲಗಿಬಿಟ್ಟರೆ ನನ್ನ ಸಹಿಯಿಂದ ಮಲಗಿದ ಎಂದಾಗುತ್ತದಲ್ಲ ಎಂಬುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಅಣ್ಣನ ತಲೆಯಲ್ಲಿ ಏನಾಗುತ್ತಿದೆ ಎಂಬುದು ಎರಡನೆಯ ಮಾತಾಗಿತ್ತು.

ಅತ್ತಿಗೆ ಕೇಳಿದರು: "ಟೈಮ್ ಎಷ್ಟಾಯ್ತು?"

ನಾನು ಗಡಿಯಾರ ನೋಡಿಕೊಂಡೆ. "ಮೂರು ಹತ್ತು. ಮಂಗಳವಾರ ಅಲ್ವಾ ಅತ್ತಿಗೆ, ರಾಹುಕಾಲ ಶುರುವಾಗಿದೆ. ನಾಲ್ಕೂವರೆವರೆಗೂ ಇರುತ್ತೆ. ಕಳೀಲಿ, ಆಮೇಲೆ ಹಾಕ್ತೀನಿ."

ರಾಹುಕಾಲವನ್ನು ನೋಡುವವರು ಅತ್ತಿಗೆ. ನಾನು ಅದನ್ನು ಹಿಡಿದು ಅವರನ್ನು ಗೇಲಿ ಮಾಡುವವಳು. ಒಮ್ಮೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮದುವೆಯ ಸೀರೆ ತೆಗೆಯಲು ಹೋದಾಗ ರಾಹುಕಾಲ ಮುಗಿಯುವ ತನಕ ಅಂಗಡಿಯ ಮೆಟ್ಟಿಲ ಮೇಲೆ ನಮ್ಮನ್ನು ನಿಲ್ಲಿಸಿದ್ದರು. "ಅತ್ತಿಗೆ, ರಾಹು ಸೀರೆ ಅಂಗಡಿಗೂ ಬರ್ತಾನಾ?" ಎಂದಿದ್ದೆ. "ಬರ್ತಾನೆ. ಆಗ್ಲಿಂದ ನನ್ ಪಕ್ಕದಲ್ಲೇ ನಿಂತು ತಲೆ ತಿಂತಾ ಇದಾನಲ್ಲ" ಎಂದಿದ್ದರು. ನಮ್ಮದು ಲಿಂಗ ಕಟ್ಟುವ ಮನೆ. ಶರಣರು ಒಳ್ಳೆಯ ಗಳಿಗೆ ಕೆಟ್ಟ ಗಳಿಗೆಗಳನ್ನು ಒಪ್ಪಲಿಲ್ಲ ಎಂದು ಪ್ರತಿವರ್ಷ ತರಗತಿಯಲ್ಲಿ ಧ್ವನಿ ಏರಿಸಿ ಹೇಳುತ್ತೇನೆ. ಇಂಥವಳು ಆಸ್ಪತ್ರೆಯಲ್ಲಿ ಪೆನ್ನು ಕೈಯಲ್ಲಿ ಹಿಡಿದು ರಾಹುಕಾಲ ಎಂದೆ. ನಂಬಿಕೆ ಬಂತೆಂದಲ್ಲ. ನಾಲ್ಕೂವರೆಯವರೆಗೆ ಸಹಿ ಹಾಕದೆ ಇರಲು ಒಂದು ಕಾರಣ ಸಿಕ್ಕಿತೆಂದು.

ಪಕ್ಕದ ಮನೆಯವರು ಸುಮ್ಮನಿರಲಿಲ್ಲ. "ಏಮ್ಮಾ, ಡಾಕ್ಟ್ರು ಬೇಗ ಅಂದ್ರಲ್ಲ? ಇದೆಲ್ಲ ಈಗ ನೋಡ್ತಾರಾ?" ಎಂದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಮನೆಯವರ ನಂಬಿಕೆ, ಸ್ವಲ್ಪ ಇರಿ" ಎಂದು ಕಣ್ಣಲ್ಲೇ ಅತ್ತಿಗೆಯ ಕಡೆ ತೋರಿಸಿದೆ. ನರ್ಸ್ ಎರಡು ಸಲ ಬಂದು ಕೇಳಿದಾಗಲೂ ಅದನ್ನೇ ಹೇಳಿದೆ. ಅತ್ತಿಗೆ ಅಷ್ಟು ದೂರದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ಅವರಿಗೆ ಕೇಳಿಸಿರಲಿಲ್ಲ ಎಂದೇ ಆಗ ಅಂದುಕೊಂಡೆ.

ನಾಲ್ಕೂಕಾಲಿಗೆ ನರ್ಸ್ ಓಡಿಬಂದರು. ಅಲ್ಲಿಯವರೆಗೆ ಕೂಗಿದರೆ ಕಣ್ಣು ತೆರೆಯುತ್ತಿದ್ದ ಅಣ್ಣ ಈಗ ತೆರೆಯುತ್ತಿರಲಿಲ್ಲ. ಹಿಂದೆಯೇ ಡಾಕ್ಟರು ಬಂದರು. "ಒಂದು ಕಣ್ಣಿನ ಪಾಪೆ ದೊಡ್ಡದಾಗ್ತಿದೆ. ಈಗ ಹೌದು ಇಲ್ಲ ಹೇಳಿಬಿಡಿ" ಎಂದರು. ನಾನು ಸಹಿ ಹಾಕಿದೆ. ಸಮಯ ಬರೆಯುವ ಜಾಗದಲ್ಲಿ ನಾಲ್ಕು ಇಪ್ಪತ್ತು ಎಂದು ಬರೆದೆ. ರಾಹುಕಾಲ ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು. ಯಾರೂ ಆ ಮಾತೆತ್ತಲಿಲ್ಲ.

ಅಣ್ಣ ಬದುಕಿದ. ಮೆದುಳು ಬಾತಿದ್ದರಿಂದ ತಲೆಬುರುಡೆಯ ಎಡಭಾಗದ ಒಂದು ತುಂಡನ್ನು ತೆಗೆದು, ಅದು ಕೆಡದಂತೆ ಅವನ ಹೊಟ್ಟೆಯ ಚರ್ಮದ ಕೆಳಗೆ ಹೊಲಿದು ಇಟ್ಟರು. ಬಾವು ಇಳಿದ ಮೇಲೆ ಮತ್ತೆ ಕೂರಿಸುತ್ತಾರಂತೆ. ತಲೆಯ ಬ್ಯಾಂಡೇಜಿನ ಮೇಲೆ 'ಇಲ್ಲಿ ಮೂಳೆ ಇಲ್ಲ' ಎಂದು ಇಂಗ್ಲಿಷಿನಲ್ಲಿ ಮಾರ್ಕರಿನಿಂದ ಬರೆದಿದ್ದರು. ಪಕ್ಕದ ಮನೆಯವರು ನೋಡಲು ಬಂದಾಗ, "ತಲೆ ಹೊಟ್ಟೆಗೆ ಬಂತಾ ಯಜಮಾನ್ರೇ? ಸರಿಹೋಯ್ತು. ಸರ್ವೀಸಲ್ಲಿದ್ದಾಗ್ಲೂ ನೀವು ಕ್ಯಾಂಟೀನ್ ಟೈಮಲ್ಲೇ ಅಲ್ವಾ ಯೋಚನೆ ಮಾಡ್ತಿದ್ದಿದ್ದು" ಎಂದರು. ಅಣ್ಣನ ತುಟಿಯ ಎಡತುದಿ ಅಲ್ಲಾಡಿತು. ಅತ್ತಿಗೆ ಎಷ್ಟೋ ದಿನದ ಮೇಲೆ ನಕ್ಕರು. ನಾನೂ ನಕ್ಕೆನೆಂದು ನೆನಪು.

ಮೂಳೆಯನ್ನು ನಾಲ್ಕು ತಿಂಗಳ ಮೇಲೆ ಮತ್ತೆ ಕೂರಿಸಿದರು. ಈಗ ಅಣ್ಣ ಕೋಲು ಹಿಡಿದು ಜಗಲಿಯವರೆಗೆ ನಡೆಯುತ್ತಾನೆ. ಬಲಗೈ ಮಡಿಲಲ್ಲಿ ಮಲಗಿರುತ್ತದೆ. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ. ಅವನು ಹೇಳಬೇಕೆಂದರೆ ಎರಡು ಮೂರು ಶಬ್ದ ಬರುತ್ತವೆ, ನಾಲ್ಕನೆಯದಕ್ಕೆ ಮುಖ ಕೆಂಪಾಗುತ್ತದೆ.

ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿರುವ ನಮ್ಮ ಸೋದರತ್ತೆಯ ಮನೆಯಲ್ಲಿ ಮೊಮ್ಮಗುವಿನ ನಾಮಕರಣವಿತ್ತು. ಅತ್ತಿಗೆ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ನಾನಾಡಿದ ಮಾತು ಬಾಯಿಂದ ಬಾಯಿಗೆ ಅತ್ತೆಯನ್ನೂ ಮುಟ್ಟಿತ್ತು. ಊಟದ ಪಂಕ್ತಿಯಲ್ಲಿ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಗಂಡ ಅಲ್ಲಿ ಸಾಯ್ತಾ ಮಲ್ಗಿದಾನೆ, ಅವ್ಳು ರಾಹುಕಾಲ ಅಂತ ಕೂತ್ಲಂತೆ! ಬೇಗ ಕುಯ್ದಿದ್ರೆ ಇವತ್ತು ಹುಡ್ಗ ಎದ್ದು ಓಡಾಡ್ತಿದ್ದ. ಇವ್ಳು ಪಾಪ ಎಷ್ಟು ಹೇಳಿದ್ಲೋ ಏನೋ." 'ಇವಳು ಪಾಪ' ಎಂದದ್ದು ನನ್ನನ್ನು. ಅತ್ತೆಗೆ ಅರವತ್ತೆರಡರ ಅಣ್ಣ ಇನ್ನೂ ಹುಡುಗನೇ. ಪಕ್ಕದಲ್ಲಿದ್ದ ಚಿಕ್ಕಪ್ಪ ತಲೆಯಾಡಿಸಿದರು. ನಾನು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡೆ.

ಅಷ್ಟು ಹೊತ್ತಿಗೆ ನನಗೇ ದಿನಚರಿಯ ಮಾತು ನಿಜವಾಗಿಬಿಟ್ಟಿತ್ತು ಎಂದು ಹೇಳಿಕೊಳ್ಳಬಹುದು. ಪೂರ್ತಿ ಸುಳ್ಳೂ ಅಲ್ಲ. ಒಂದು ಸಂಗತಿಯನ್ನು ಬರೆದಿಟ್ಟರೆ ಆಮೇಲೆ ನನಗೆ ನೆನಪಾಗುವುದು ಬರೆದದ್ದೇ. ಆದರೆ ಆ ಸಂಜೆ ಮನೆಗೆ ಬಂದವಳು ಫೋನಿನಲ್ಲಿ ಹಳೆಯ ಸಂದೇಶಗಳನ್ನು ಹುಡುಕಿದೆ. ಹುಡುಕಬೇಕೆನ್ನಿಸಿತು ಎಂದರೆ ಒಳಗೆಲ್ಲೋ ಗೊತ್ತಿತ್ತು. ಅಂದು ಮೂರು ಹದಿನಾಲ್ಕಕ್ಕೆ ಸಹೋದ್ಯೋಗಿಗೆ ಕಳಿಸಿದ್ದು ಸಿಕ್ಕಿತು: 'ನಾಳೆ ನನ್ನ ಕ್ಲಾಸ್ ತಗೊಳ್ಳಿ. ಅಣ್ಣಂಗೆ ತಲೆ ಆಪರೇಷನ್ ಅಂತಿದಾರೆ. ರಾಹುಕಾಲ ಕಳೀಲಿ ಅಂತ ನಾನೇ ಹೇಳಿದೆ. ನಗಬೇಡಿ.'

ಹೊರಗಿನ ಕುರ್ಚಿಗಳ ಬಣ್ಣ, ಅತ್ತಿಗೆ ಕುಳಿತ ದಿಕ್ಕು, ನರ್ಸ್ ಬಂದದ್ದು ಎರಡು ಸಲವೋ ಮೂರು ಸಲವೋ, ಇವ್ಯಾವುದನ್ನೂ ನಾನು ಆಣೆ ಮಾಡಿ ಹೇಳಲಾರೆ. ಈ ಸಂದೇಶವನ್ನು ಮಾತ್ರ ಅಲ್ಲಗಳೆಯಲಾರೆ.

ಮುಂದಿನ ತಪಾಸಣೆಗೆ ಅಣ್ಣನನ್ನು ಕರೆದುಕೊಂಡು ಹೋದಾಗ, ಅವನು ಹೊರಗಿರುವಾಗ, ಡಾಕ್ಟರನ್ನು ಕೇಳಿದೆ: ಆ ಒಂದು ಗಂಟೆಯಿಂದ ಹೀಗಾಯಿತೇ? ಅವರು ಕಾಗದದಿಂದ ತಲೆ ಎತ್ತಿದರು. "ಗೊತ್ತಿಲ್ಲ ಮೇಡಂ. ಪಾಪೆ ದೊಡ್ಡದಾಗೋ ಮೊದ್ಲು ಮಾಡಿದ್ರೆ ಒಳ್ಳೇದು, ಅದು ನಿಜ. ಆದ್ರೆ ರಕ್ತ ಆಗಿದ್ದೇ ಮಾತಿನ ಜಾಗದ ಹತ್ರ. ಆಗ್ಲೇ ಮಾಡಿದ್ರೂ ಇಷ್ಟೇ ಆಗ್ತಿತ್ತೋ ಏನೋ." ಮನೆಗೆ ಬಂದು ಕೊನೆಯ ವಾಕ್ಯವನ್ನಷ್ಟೇ ದಿನಚರಿಗೆ ಇಳಿಸಿಕೊಂಡೆ. ಮೊದಲಿನದನ್ನು ಬಿಟ್ಟದ್ದು ಮರುದಿನ ಓದಿದಾಗ ಕಂಡಿತು. ಆ ಭಾನುವಾರವೇ ಭದ್ರಾವತಿಯ ಬಸ್ಸು ಹತ್ತಿದೆ.

ಅತ್ತಿಗೆ ಅಣ್ಣನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ತಿಕ್ಕುತ್ತಿದ್ದರು. ಅವರನ್ನು ಒಳಗೆ ಕರೆದು ಹೇಳಬೇಕೆಂದುಕೊಂಡು ಬಂದಿದ್ದೆ. ಅವರು ಏಳಲಿಲ್ಲ. ಅಣ್ಣನ ಎದುರೇ ಹೇಳಿದೆ. ರಾಹುಕಾಲ ಎಂದದ್ದು ನಾನು, ನೆವ ಮಾಡಿಕೊಂಡದ್ದು ನಿಮ್ಮನ್ನು ಎಂದೆ.

"ಗೊತ್ತು" ಎಂದರು ಅತ್ತಿಗೆ, ಬೆರಳು ಬಿಡದೆ. "ನೀನು ಪಕ್ಕದ ಮನೆಯವ್ರ ಹತ್ರ ಹೇಳಿದ್ದೂ ಕೇಳಿಸ್ತು. ನಾನು ಟೈಮ್ ಕೇಳಿದ್ದು ಇವ್ರು ಬಿದ್ದು ಎಷ್ಟು ಹೊತ್ತಾಯ್ತು ಅಂತ ತಿಳ್ಕೊಳ್ಳೋಕೆ."

"ಹಂಗಾದ್ರೆ ಆಗ್ಲೇ ಯಾಕೆ ಬೈಲಿಲ್ಲ ಅತ್ತಿಗೆ? ಬೇಡ, ಸಹಿ ಹಾಕು ಅನ್ಬಹುದಿತ್ತಲ್ಲ?"

"ಇಷ್ಟು ವರ್ಷ ನಗಾಡಿದವ್ಳು. ನಂಬದವ್ಳೇ ಹೇಳ್ತಿದಾಳೆ ಅಂದ್ರೆ, ಡಾಕ್ಟ್ರು ಏನೋ ನನಗೆ ಹೇಳ್ಬಾರದ್ದು ಹೇಳಿರ್ಬೇಕು, ಇವ್ರು ಉಳಿಯಲ್ವೇನೋ ಅಂದ್ಕೊಂಡೆ ಮಾರಾಯ್ತಿ. ಬಾಯಿ ಎಲ್ಲಿಂದ ಬರುತ್ತೆ?"

ಅಣ್ಣನ ಮುಖ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಅವನಿಗೆ ಮಾತು ಬರುತ್ತಿದ್ದರೆ ಏನೆನ್ನುತ್ತಿದ್ದನೋ ನಾನು ಇಲ್ಲಿ ಊಹಿಸಿ ಬರೆಯುವುದಿಲ್ಲ. ಬರೆದರೆ ಅದೂ ನನಗೆ ಬೇಕಾದಂತೆಯೇ ಇರುತ್ತದೆ.

"ನನ್ ಹತ್ರ ಹೇಳಿ ಏನ್ ಬಂತು? ನಂಗೆ ಮೊದ್ಲೇ ಗೊತ್ತು. ಕೋಟೆ ಅತ್ತೆಗೆ ಹೇಳು" ಎಂದು ಅತ್ತಿಗೆ ಎಣ್ಣೆ ಕೈಯಿಂದಲೇ ತಮ್ಮ ಫೋನ್ ಒತ್ತಿ, ಸ್ಪೀಕರ್ ಹಾಕಿ, ಮಂಚದ ಮೇಲೆ ಇಟ್ಟರು.

ನಾನು ಹೇಳಿದೆ. ತಡವರಿಸಿದೆ, ಆದರೆ ಏನನ್ನೂ ಬಿಡದೆ ಹೇಳಿದೆ.

ಅತ್ತೆ ಕೇಳಿಸಿಕೊಂಡು, "ಅಯ್ಯೋ, ಸಾಕು ಸುಮ್ನಿರೇ. ಎಂಎ ಮಾಡಿದವ್ಳು ನೀನು, ನಿನ್ ಬಾಯಲ್ಲಿ ರಾಹುಕಾಲ ಬರುತ್ತಾ? ಅವ್ಳ ಮರ್ಯಾದೆ ಉಳಿಸೋಕೆ ನಿನ್ ತಲೆ ಮೇಲೆ ಹಾಕ್ಕೋತಿದೀಯ. ನಿನ್ನಂಥ ನಾದಿನಿ ಯಾರಿಗ್ ಸಿಗ್ತಾರೆ?" ಎಂದರು.

"ನಿಜ ಅತ್ತೆ, ಮೆಸೇಜ್ ಇದೆ, ತೋರಿಸ್ತೀನಿ..."

"ಎಲ್ಲಿದೀಯ ಈಗ? ಅಲ್ಲೇ ಇದೀಯ ಅಲ್ವಾ? ಅವ್ಳೇ ಹೇಳಿಸ್ತಿದಾಳೆ. ನಂಗೆ ಗೊತ್ತಾಗಲ್ವಾ?"

ಅತ್ತಿಗೆ ಫೋನ್ ಕಟ್ ಮಾಡಿದರು. ತಪ್ಪು ಒಪ್ಪಿಕೊಂಡು ನಾನು ಇನ್ನಷ್ಟು ಒಳ್ಳೆಯವಳಾಗಿದ್ದೆ, ಅತ್ತಿಗೆ ಇನ್ನಷ್ಟು ಕೆಟ್ಟವರಾಗಿದ್ದರು. ನನ್ನ ಓದು ಅಂದು ಅವರ ಬಾಯಿ ಕಟ್ಟಿತ್ತು. ಇಂದು ನನ್ನ ತಪ್ಪನ್ನು ನನಗೆ ಸೇರದಂತೆ ಮಾಡುತ್ತಿತ್ತು.

"ಎದುರಿಗೆ ಹೋಗೇ ಹೇಳ್ಬೇಕು ಅತ್ತಿಗೆ. ಮೆಸೇಜ್ ತೋರಿಸಿ" ಎಂದೆ.

"ಹೋಗು. ಚಿಕ್ಕಪ್ಪನ ಮನೆಗೂ ಹೋಗು. ಪಕ್ಕದ ಮನೆಯವ್ರು ಈಗ ಇದಾರೆ, ಬಾಗ್ಲು ತೆಗ್ದಿದೆ."

ಅಣ್ಣನ ಕೈಯನ್ನು ದಿಂಬಿನ ಮೇಲಿಟ್ಟು, ಅವರು ಎಣ್ಣೆಯ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದರು. ಕಾಫಿ ಕುಡಿಯುತ್ತೀಯಾ ಎಂದು ಕೇಳಲಿಲ್ಲ. ನಾನು ಚಪ್ಪಲಿ ಮೆಟ್ಟಿ ಪಕ್ಕದ ಮನೆಯ ಕಡೆ ನಡೆದೆ.